ನೆನೆದೇ ಮರಿ ಸಾಕುವ ಆಮೆ

ನನ್ನ ಬಚ್ಚಲುಮನೆಯಲ್ಲಿ ಒಂದು ಹಂಸವಿದೆ. ಪ್ಲಾಸ್ಟಿಕ್ಕಿನದು. ಬೆನ್ನು ತಗ್ಗಾಗಿದೆ, ಅಲ್ಲಿ ಸಾಬೂನು ಇಡಬೇಕು. ಕೊಕ್ಕಿನ ಕೇಸರಿ ಬಣ್ಣ ಹೋಗಿ ಬಹಳ ಕಾಲವಾಯಿತು. ಈಗ ಅದನ್ನು ಬಾತುಕೋಳಿ ಎಂದರೂ ನಡೆಯುತ್ತದೆ, ಕೊಕ್ಕರೆ ಎಂದರೂ ತಕರಾರಿಲ್ಲ. ಆದರೆ ಕೊಳ್ಳುವಾಗ ಅದು ಹಂಸವೇ ಆಗಿತ್ತು. ಹಾಲು ನೀರು ಬೇರೆ ಮಾಡುವ ಹಂಸ. ದೇಹವೆಂಬ ಗೂಡಿನಲ್ಲಿ ನಾಲ್ಕು ದಿನ ಕೂತಿದ್ದು ಹೇಳದೆ ಕೇಳದೆ ಹಾರಿಹೋಗುವ ಜೀವಾತ್ಮವೆಂದು ಹಳೆಯ ಕವಿಗಳೆಲ್ಲ ಒಪ್ಪಿಕೊಂಡ ಹಂಸ. ನಮ್ಮ ಮನೆಗೆ ಬಂದ ಮೇಲೆ ಪಾಪ, ಅದು ಬೇರೆ ಮಾಡಬೇಕಾದದ್ದು ಸಾಬೂನು ಮತ್ತು ನೀರನ್ನು. ಅದೂ ಅದರ ಕೈಲಾಗುವುದಿಲ್ಲ. ನೀರು ಬಸಿದುಹೋಗಲು ಬೆನ್ನಿನಲ್ಲಿ ಒಂದು ತೂತನ್ನಾದರೂ ಇಡಬೇಕಿತ್ತು, ಮಾಡಿದವರಿಗೆ ಹೊಳೆದಿಲ್ಲ. ಸಾಬೂನು ದಿನವೂ ನೆಂದು ಲೋಳೆಯಾಗಿ ಕೂತಿರುತ್ತದೆ. ನಾನು ದಿನವೂ ಬೈದುಕೊಂಡು ಸ್ನಾನ ಮುಗಿಸುತ್ತೇನೆ. ಬಿಸಾಡಿ ಬೇರೆ ತರಬಹುದಲ್ಲ ಎಂದು ನೀವು ಕೇಳಬಹುದು. ಅದನ್ನು ಆರಿಸಿದ್ದು ನನ್ನ ಮಗಳು ಪಲ್ಲವಿ. ಮೂರನೆಯ ಇಯತ್ತೆಯಲ್ಲಿದ್ದಾಗ, ಹಾವೇರಿಯ ಪೇಟೆಯಲ್ಲಿ, ಒಂದು ರವಿವಾರ.

"ಅಪ್ಪಾ, ನೀ ಹೇಳಿದ್ದ ಹಂಸ ಇಲ್ಲೈತಿ ನೋಡು!" ಎಂದು ಅವಳು ಕೂಗಿದ್ದು ಇಡೀ ಪೇಟೆಗೆ ಕೇಳಿಸಿತ್ತು. ನನ್ನದೇನೋ ಕಳೆದುಹೋಗಿತ್ತು, ಅದು ಅವಳಿಗೆ ಸಿಕ್ಕಿತು ಎನ್ನುವ ಹಾಗೆ.

ಆಗ ನಾನು ರಾಣೆಬೆನ್ನೂರಿನ ಒಂದು ಕಾಲೇಜಿನಲ್ಲಿ ಹಳಗನ್ನಡ ಕಾವ್ಯ ಪಾಠ ಮಾಡುತ್ತಿದ್ದೆ. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಹಳಗನ್ನಡವನ್ನು ಆರಿಸಿಕೊಂಡು ಬರುವವರು ಕಡಿಮೆ. ಬೇರೆಲ್ಲೂ ಸೀಟು ಸಿಗದೆ ಬಂದವರೇ ಹೆಚ್ಚು. ಅವರನ್ನು ಎಚ್ಚರವಾಗಿಡಲು ನನ್ನಲ್ಲಿದ್ದ ಒಂದೇ ಉಪಾಯ ಪ್ರಾಣಿಗಳು. ಜಿಂಕೆ ಹಾಡು ಕೇಳಿ ಬಲೆಗೆ ಬೀಳುತ್ತದೆ, ಆನೆ ಮೈಸೋಕಿನ ಆಸೆಗೆ ಗುಂಡಿಗೆ ಬೀಳುತ್ತದೆ, ಪತಂಗ ದೀಪದ ರೂಪಕ್ಕೆ ಮರುಳಾಗಿ ಸುಟ್ಟುಕೊಳ್ಳುತ್ತದೆ, ಮೀನು ನಾಲಿಗೆಯ ಚಪಲಕ್ಕೆ ಗಾಳಕ್ಕೆ ಸಿಗುತ್ತದೆ, ದುಂಬಿ ವಾಸನೆಯ ಬೆನ್ನುಹತ್ತಿ ಮುಚ್ಚಿದ ತಾವರೆಯಲ್ಲಿ ಉಸಿರುಗಟ್ಟುತ್ತದೆ. ಒಂದೊಂದು ಇಂದ್ರಿಯಕ್ಕೆ ಒಂದೊಂದು ಪ್ರಾಣ. ಐದೂ ಇಂದ್ರಿಯ ಇಟ್ಟುಕೊಂಡ ಮನುಷ್ಯನ ಗತಿಯೇನು ಎಂದು ನಾನು ದನಿ ಎತ್ತಿ ಕೇಳುವಷ್ಟರಲ್ಲಿ ಹಿಂದಿನ ಬೆಂಚಿನವರು ಐದೂ ಇಂದ್ರಿಯ ಗೆದ್ದು ನಿದ್ದೆ ಹೋಗಿರುತ್ತಿದ್ದರು. ಕುಪ್ಪೇಲೂರಿನಿಂದ ಬಸ್ಸಿಗೆ ಬರುತ್ತಿದ್ದ ಒಬ್ಬ ಹುಡುಗಿ ಮಾತ್ರ ಎದ್ದು ನಿಂತು ಕೇಳಿದ್ದಳು: "ಸರ್, ಆನಿ ಬಂತಂದ್ರ ಪರೀಕ್ಷಾದಾಗ ಅಹಂಕಾರ ಅಂತ ಬರೀಬೇಕೋ, ಐಶ್ವರ್ಯ ಅಂತ ಬರೀಬೇಕೋ?" ಪ್ರಶ್ನೆ ಸರಿಯಾಗಿಯೇ ಇತ್ತು. ಒಂದು ಕಾವ್ಯದಲ್ಲಿ ಆನೆ ಮದ, ಇನ್ನೊಂದರಲ್ಲಿ ಮಂಗಳ. "ಎರಡೂ ಬರಿ" ಎಂದೆ.

ಈ ಹುಚ್ಚು ನನಗೆ ಹಿಡಿದದ್ದು ಕರ್ಜಗಿಯಲ್ಲಿ, ಸಣ್ಣವನಿದ್ದಾಗ. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚುತ್ತಿದ್ದರು. ಅಜ್ಜಿಯ ತೊಡೆಯ ಮೇಲೆ ಅರ್ಧ ನಿದ್ದೆಯಲ್ಲಿ ನಾನು ಕೇಳಿದ್ದು, ದುಂಬಿ ಝೇಂಕರಿಸುವುದಿಲ್ಲ, ದೇವರ ನಾಮ ಜಪಿಸುತ್ತದೆ ಎಂದು. ಯಾವ ದೇವರ ನಾಮ ಎಂದು ಪುರಾಣದವರು ಹೇಳಲಿಲ್ಲ. ಮರುದಿನ ಕುಂಬಳದ ಹೂವಿನಲ್ಲಿದ್ದ ಒಂದು ದುಂಬಿಯನ್ನು ಕಡ್ಡಿಪೆಟ್ಟಿಗೆಯಲ್ಲಿ ಹಾಕಿ ಕಿವಿಗೆ ಹಿಡಿದೆ. ಸರಿಯಾಗಿ ಕೇಳಿಸಲೆಂದು ಪೆಟ್ಟಿಗೆಯನ್ನು ಸ್ವಲ್ಪ ತೆರೆದೆ. ಕಿವಿ ಊದಿ ಬದನೆಕಾಯಿಯಷ್ಟಾಯಿತು. ಅಜ್ಜಿ ಸುಣ್ಣ ಹಚ್ಚುತ್ತಾ, "ಯಾವ ದೇವರ ಹೆಸರ ಹೇಳ್ತೋ ಮತ್ತ?" ಎಂದು ಕೇಳಿ, ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಅಷ್ಟಾದರೂ ಬುದ್ಧಿ ಬರಲಿಲ್ಲ. ಯಾವ ಪ್ರಾಣಿಯನ್ನೂ ಬರೀ ಪ್ರಾಣಿಯಾಗಿ ನೋಡುವುದು ನನಗೆ ಸಾಧ್ಯವಾಗದೆ ಹೋಯಿತು. ಕತ್ತೆ ಕಂಡರೆ ಗಂಧದ ಹೊರೆ ಹೊತ್ತೂ ಪರಿಮಳ ಅರಿಯದ ಪಂಡಿತ. ಮಂಗ ಕಂಡರೆ ಮನಸ್ಸು. ನನ್ನ ಹೆಂಡತಿ ವಿಜಯಾಗೆ ಇದರಿಂದ ಆದ ತೊಂದರೆ ಅಷ್ಟಿಷ್ಟಲ್ಲ. ಅವಳು ಸರಕಾರಿ ಕಚೇರಿಯಲ್ಲಿ ಗುಮಾಸ್ತೆ, ಬೆಳಿಗ್ಗೆ ಎದ್ದರೆ ನೂರು ಕೆಲಸ. ಒಂದು ದಿನ ಬೆಕ್ಕೊಂದು ಅಡಿಗೆಮನೆಯಿಂದ ತನ್ನ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೊರಗೆ ಹೋಯಿತು. ನಾನು ಶುರು ಮಾಡಿದೆ: ಬೆಕ್ಕಿನ ಮರಿ ಸುಮ್ಮನೆ ಜೋತುಬಿದ್ದರೆ ಸಾಕು, ತಾಯಿಯೇ ಹೊತ್ತೊಯ್ಯುತ್ತದೆ, ಮಂಗನ ಮರಿಯಾದರೆ ತಾನೇ ತಾಯಿಯ ಹೊಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಭಕ್ತಿಯಲ್ಲೂ ಹೀಗೆಯೇ ಎರಡು ತರಹ...

"ಭಕ್ತಿ ಆಮ್ಯಾಲ ಮಾಡೋಣಂತ" ಎಂದಳು ವಿಜಯಾ. "ಮದ್ಲ ಅಡಿಗಿಮನಿ ಬಾಗಲಾ ಹಾಕ್ರಿ. ಹಾಲೆಲ್ಲಾ ಕುಡದು ಹೋಗೇತಿ."

ನಾವು ಬೇರೆಯಾದದ್ದು ಬೆಕ್ಕಿನಿಂದಲ್ಲ. ಯಾವುದರಿಂದ ಎಂದು ಇಬ್ಬರನ್ನೂ ಕೂಡಿಸಿ ಕೇಳಿದರೆ ಒಂದೇ ಉತ್ತರ ಬರಲಿಕ್ಕಿಲ್ಲ. ಮಗು ಎದ್ದೀತೆಂದು ದನಿ ತಗ್ಗಿಸಿ ಜಗಳಾಡುವ ಕಾಲವೊಂದಿತ್ತು. ಆಮೇಲೆ ಜಗಳಾಡಲೂ ಬೇಸರವಾಗುವ ಕಾಲ ಬಂತು. ಅಷ್ಟರಲ್ಲಿ ಹಾವೇರಿ ಹೊಸ ಜಿಲ್ಲೆಯಾಗಿ ಅವಳಿಗೆ ಅಲ್ಲಿಗೆ ವರ್ಗವಾಯಿತು. ಹಿರಿಯರು ಕೂತು ಮಾತಾಡಿದರು. ಯಾರೂ ಕೂಗಾಡಲಿಲ್ಲ, ನಡುವೆ ಚಹಾ ಕೂಡ ಬಂತು. ಮಗಳು ತಾಯಿಯ ಹತ್ತಿರ ಹಾವೇರಿಯಲ್ಲಿರುವುದು, ರವಿವಾರ ತಂದೆಯ ಜೊತೆ ಹೋಗುವುದು, ದೀಪ ಹಚ್ಚುವ ಹೊತ್ತಿಗೆ ತಿರುಗಿ ಮನೆ ಸೇರುವುದು ಎಂದಾಯಿತು. ಅಂದಿನಿಂದ ನಾನು ವಿಜಯಾಗೆ 'ನೀವು' ಎನ್ನತೊಡಗಿದೆ. ಅವಳು ಮೊದಲಿನಿಂದಲೂ ನನಗೆ 'ನೀವು' ಎನ್ನುತ್ತಿದ್ದಳು. ನೋಡಿದವರು ನಮ್ಮನ್ನು ಆಗಷ್ಟೇ ಪರಿಚಯವಾದ ಮರ್ಯಾದಸ್ಥರು ಎಂದುಕೊಳ್ಳಬೇಕು, ಹಾಗೆ ಮಾತಾಡುತ್ತಿದ್ದೆವು.

ನಾನು ಬ್ಯಾಡಗಿಯಲ್ಲಿ ಒಂದು ಮಹಡಿಯ ಕೋಣೆ ಹಿಡಿದೆ. ರಾಣೆಬೆನ್ನೂರಿನ ಕೆಲಸ ಒಂದು ಕಡೆ, ಹಾವೇರಿಯ ಮಗಳು ಇನ್ನೊಂದು ಕಡೆ, ನಡುವೆ ಬ್ಯಾಡಗಿ. ಪ್ಯಾಸೆಂಜರ್ ಗಾಡಿ ಎರಡೂ ಕಡೆ ಹೋಗುತ್ತದೆ ಎನ್ನುವುದು ನನ್ನ ಲೆಕ್ಕಾಚಾರ. ಒಂಟಿ ಗಂಡಸಿಗೆ ಬ್ಯಾಡಗಿಯಷ್ಟು ಅನುಕೂಲದ ಊರು ಇನ್ನೊಂದಿಲ್ಲ ಎಂದು ಆಮೇಲೆ ತಿಳಿಯಿತು. ಸುಗ್ಗಿಯಲ್ಲಿ ಊರಿಗೆ ಊರೇ ಮೆಣಸಿನಕಾಯಿಯ ಘಾಟಿನಲ್ಲಿ ಮುಳುಗಿರುತ್ತದೆ. ಅಂಗಡಿಯವರು, ಟಪಾಲಿನವರು, ಗುಡಿಯ ಪೂಜಾರಿಗಳು, ಎಲ್ಲರ ಕಣ್ಣೂ ಕೆಂಪು, ಎಲ್ಲರ ಮೂಗೂ ಒದ್ದೆ. ಒಬ್ಬ ಮನುಷ್ಯ ರಸ್ತೆಯ ಬದಿಗೆ ನಿಂತು ಯಾಕೆ ಕಣ್ಣೊರೆಸಿಕೊಳ್ಳುತ್ತಿದ್ದಾನೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಕೆಳಗಿನ ಮನೆಯಲ್ಲಿ ಮಾಲೀಕರಾದ ಗೌರಮ್ಮನವರು ಇದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಕ್ಕಳನ್ನೆಲ್ಲ ಬೆಳೆಸಿ ಮದುವೆ ಮಾಡಿ ದಡ ಸೇರಿಸಿದ ಗಟ್ಟಿ ಹೆಂಗಸು. ರಾತ್ರಿಯ ಊಟಕ್ಕೆ ನನಗೆ ಎರಡು ರೊಟ್ಟಿ ಕೊಡುತ್ತಿದ್ದರು. ರವಿವಾರ ಬೆಳಿಗ್ಗೆ ನಾನು ಇಸ್ತ್ರಿಯ ಅಂಗಿ ತೊಟ್ಟು ಮೆಟ್ಟಿಲು ಇಳಿದರೆ, "ಮಗಳಿಗೆ ನಾ ಕೇಳೇನಂತ ಹೇಳ್ರಿ ಮಾಸ್ತರ" ಎನ್ನುತ್ತಿದ್ದರು. ಮಗಳನ್ನು ಅವರು ನೋಡಿರಲೇ ಇಲ್ಲ.

ತಂದೆ ಮಗಳು ಒಂದು ಇಡೀ ರವಿವಾರವನ್ನು ಹಾವೇರಿಯಲ್ಲಿ ಹೇಗೆ ಕಳೆಯಬೇಕು? ಮನೆಯಿದ್ದರೆ ಕೂತಲ್ಲೇ ಕೂತು ಹೊತ್ತು ಹೋಗುತ್ತದೆ. ಊರ ಬೀದಿಯಲ್ಲಿ ಮಾತು ಬೇಕಾಗುತ್ತದೆ. ಶಾಲೆ ಹೇಗಿದೆ ಎಂದರೆ ಚಲೋ ಐತಿ. ಅವ್ವ ಹೇಗಿದ್ದಾಳೆ ಎಂದು ಕೇಳುವ ಹಾಗಿಲ್ಲ. ಹಳೆಯ ಕಲ್ಲುಗುಡಿಯ ಸುತ್ತಲಿನ ಹುಲ್ಲಿನ ಮೇಲೆ ಕೂತು ನನ್ನ ಹತ್ತಿರವಿದ್ದ ಒಂದೇ ಸರಕನ್ನು ಬಿಚ್ಚಿದೆ. ಹಂಸ ಹೇಳಿದೆ, ಗಿಣಿ ಹೇಳಿದೆ, ಆನೆ ಹೇಳಿದೆ. ಪಲ್ಲವಿ ಚುರುಮುರಿ ತಿನ್ನುತ್ತಾ ಕೇಳುತ್ತಿದ್ದಳು. ಕಾಲೇಜಿನಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಚಕೋರದ ಸರದಿ ಬಂದಾಗ ಮಾತ್ರ ತಿನ್ನುವುದನ್ನು ನಿಲ್ಲಿಸಿದಳು.

"ಬರೇ ಬೆಳದಿಂಗಳಾ ತಿಂತೈತೇನು?"

"ಹೂಂ. ಬ್ಯಾರೆ ಏನೂ ಮುಟ್ಟಂಗಿಲ್ಲ."

"ಮತ್ತ ಅಮಾಸಿ ದಿನ?"

"ಅವತ್ತು ಉಪಾಸ."

"ಮಾಡ ಆದ್ರ? ಮಳಿಗಾಲದಾಗ?"

"ಅವಾಗೂ ಉಪಾಸ."

ಅವಳಿಗೆ ಅಳು ಬರುವ ಹಾಗಾಯಿತು. ಸಮಾಧಾನಕ್ಕೆಂದು ಚಾತಕದ ಕಥೆ ಹೇಳಿದೆ. ಅದು ಕೆರೆಯ ನೀರು, ಹೊಳೆಯ ನೀರು ಕುಡಿಯುವುದಿಲ್ಲ, ಬೀಳುವ ಮಳೆಹನಿಯನ್ನೇ ಬಾಯ್ತೆರೆದು ಕುಡಿಯುತ್ತದೆ. ಪಲ್ಲವಿ ಬೆರಳು ಮಡಚಿ ಲೆಕ್ಕ ಹಾಕಿದಳು.

"ಅಂದ್ರ ಮಳಿಗಾಲದಾಗ ಚಕೋರ ಉಪಾಸ, ಬ್ಯಾಸಗಿಯಾಗ ಚಾತಕ ಉಪಾಸ. ಅವೆರಡೂ ಒಂದ ಮನ್ಯಾಗ ಇದ್ರ ಭಾಳ ತ್ರಾಸಪ್ಪಾ."

ನಾನು ಗುಡಿಯ ಗೋಪುರ ನೋಡಿದೆ. ಆಮೇಲೆ, "ಅವು ಖರೇ ಪಕ್ಷಿ ಅಲ್ಲವ್ವಾ" ಎಂದು ವಿವರಿಸಿದೆ. "ಚಕೋರ ಅಂದ್ರ ಭಕ್ತ. ಬೆಳದಿಂಗಳಂದ್ರ ದೇವರ ದಯೆ. ದೇವರು ಬರೂತನಾ ಭಕ್ತ ಕಾಯ್ತಾನ."

"ದೇವ್ರು ದಿನಾ ಯಾಕ ಬರಂಗಿಲ್ಲ? ರವಿವಾರ ಅಷ್ಟ ಬರ್ತಾನೇನು?"

ಚುಚ್ಚಬೇಕೆಂದು ಕೇಳಿದ್ದಲ್ಲ. ಕೇಳಿ ಮತ್ತೆ ಚುರುಮುರಿಯ ಪೊಟ್ಟಣಕ್ಕೆ ಕೈ ಹಾಕಿದಳು. ಅವತ್ತು ಖಾನಾವಳಿಯಲ್ಲಿ ನನ್ನ ಹಪ್ಪಳವನ್ನೂ ಅವಳ ಎಲೆಗೇ ಹಾಕಿದೆ.

ಊಟವಾದ ಮೇಲೆ ಹೆಗ್ಗೇರಿ ಕೆರೆಯ ದಂಡೆಗೆ ಹೋಗುವುದು ರೂಢಿಯಾಯಿತು. ಅಲ್ಲಿಯೇ ನಾನು ಆಮೆಯ ಮಾತು ತೆಗೆದದ್ದು. ಹಳೆಯ ಕಾವ್ಯಗಳಲ್ಲಿ, ಪುರಾಣಗಳಲ್ಲಿ ಗುರುವಿನ ಕೃಪೆಯನ್ನು ಹೇಳುವಾಗ ಮೂರು ತಾಯಂದಿರು ಬರುತ್ತಾರೆ. ಹಕ್ಕಿ ಮೈಸೋಕಿಸಿ, ಕಾವು ಕೊಟ್ಟು ಮರಿ ಮಾಡುತ್ತದೆ. ಮೀನು ಮುಟ್ಟುವುದಿಲ್ಲ, ಬರೀ ನೋಟದಿಂದಲೇ ಮರಿ ಬೆಳೆಸುತ್ತದೆ. ಆಮೆ ಮುಟ್ಟುವುದೂ ಇಲ್ಲ, ನೋಡುವುದೂ ಇಲ್ಲ. ಮೊಟ್ಟೆಯನ್ನು ದಂಡೆಯ ಮರಳಿನಲ್ಲಿಟ್ಟು ನಡುನೀರಿಗೆ ಹೋಗಿಬಿಡುತ್ತದೆ. ಅಲ್ಲಿಂದಲೇ ಮರಿಯನ್ನು ನೆನೆಯುತ್ತದೆ. ಆ ನೆನಪಿನ ಬಲದಿಂದಲೇ ಮರಿ ಬೆಳೆಯುತ್ತದೆ. ಮೂರರಲ್ಲಿ ಆಮೆಯದೇ ದೊಡ್ಡದು ಎಂದು ನಾನು ಸ್ವಲ್ಪ ಒತ್ತಿಯೇ ಹೇಳಿದೆ. ಯಾಕೆ ಒತ್ತಿ ಹೇಳಿದೆ ಎನ್ನುವುದು ನಿಮಗೆ ತಿಳಿಯದ್ದಲ್ಲ.

"ಅವ್ವ ನೆನಸಾಕತ್ತಾಳ ಅಂತ ಮರಿಗೆ ಹೆಂಗ ಗೊತ್ತಾಗತೈತಿ?" ಎಂದಳು.

"ಗೊತ್ತಾಗತೈತಿ."

"ಹೆಂಗ?"

"ಕಾವ್ಯದಾಗ ಹಂಗ ಐತಿ."

ಉತ್ತರ ಗೊತ್ತಿಲ್ಲದ ಮಾಸ್ತರರು ಹೇಳುವ ಮಾತು ಅದು. ಆ ವಯಸ್ಸಿನ ಮಕ್ಕಳು ಅಪ್ಪಂದಿರನ್ನು ನಂಬುತ್ತಾರೆ. ನಂಬಿ, ನೀರಿಗೆ ಒಂದು ಹರಳು ಒಗೆದಳು.

ವಾರದ ನಡುವೆ ಫೋನ್ ಮಾಡುತ್ತಿದ್ದೆ. ಬ್ಯಾಡಗಿ ಸ್ಟೇಷನ್ನಿನ ಹತ್ತಿರದ ಕಿರಾಣಿ ಅಂಗಡಿಯ ಮುಂದೆ ನಾಣ್ಯ ಹಾಕುವ ಕೆಂಪು ಫೋನ್ ಇತ್ತು. ಎತ್ತುತ್ತಿದ್ದವಳು ವಿಜಯಾ. ನಾನು "ನಾನ್ರೀ" ಎಂದರೆ ಅವಳು "ಕೊಡ್ತೇನ್ರಿ" ಎನ್ನುತ್ತಿದ್ದಳು. ಅಷ್ಟೂ ವರ್ಷದ ಸಂಸಾರದಲ್ಲಿ ಉಳಿದ ಮಾತು ಅವೆರಡು. ಆಮೇಲೆ ಪಲ್ಲವಿ ಬರುತ್ತಿದ್ದಳು.

"ಅಪ್ಪಾ, ಊಟ ಆತೇನು?"

"ಆತು. ನಿಂದು?"

"ಆತು."

"ಮತ್ತ?"

"ಮತ್ತೇನಿಲ್ಲ."

ಫೋನು ಕುಂಯ್ ಎನ್ನುತ್ತಿತ್ತು. ಇನ್ನೊಂದು ನಾಣ್ಯ ಜೇಬಿನಲ್ಲಿರುತ್ತಿತ್ತು. ಹಾಕಿ ಏನು ಮಾತಾಡಬೇಕೆಂದು ತಿಳಿಯದೆ ಇಟ್ಟುಬಿಡುತ್ತಿದ್ದೆ.

ಮಕ್ಕಳು ಬೆಳೆಯುವುದು ವಾರಕ್ಕೊಮ್ಮೆ ನೋಡುವವರಿಗೆ ಎದ್ದು ಕಾಣುತ್ತದೆ. ಫ್ರಾಕು ಹೋಯಿತು, ಲಂಗ ಬಂತು, ಎರಡು ಜಡೆ ಒಂದಾಯಿತು. ಹೈಸ್ಕೂಲಿಗೆ ಬಂದ ಮೇಲೆ ರವಿವಾರಗಳು ಉದುರತೊಡಗಿದವು. ಒಂದು ರವಿವಾರ ಟ್ಯೂಷನ್, ಇನ್ನೊಂದು ರವಿವಾರ ಗೆಳತಿಯ ಹುಟ್ಟುಹಬ್ಬ, ಮತ್ತೊಂದಕ್ಕೆ ಸುಮ್ಮನೆ "ಈ ವಾರ ಬ್ಯಾಡಪ್ಪಾ". ನಾನು ಇರಲಿ ಬಿಡವ್ವಾ ಎನ್ನುತ್ತಿದ್ದೆ. ಆದರೆ ಕಾಲು ಕೇಳಬೇಕಲ್ಲ? ಬರುವುದಿಲ್ಲ ಎಂದು ಗೊತ್ತಿದ್ದೂ ಒಂದು ರವಿವಾರ ಇಸ್ತ್ರಿಯ ಅಂಗಿ ತೊಟ್ಟು ಗಾಡಿ ಹತ್ತಿದೆ. ಕಲ್ಲುಗುಡಿಯ ಹುಲ್ಲಿನ ಮೇಲೆ ಕೂತೆ. ಗೋಡೆಯ ಕೆತ್ತನೆಗಳನ್ನು ನೋಡಿದೆ. ಖಾನಾವಳಿಯಲ್ಲಿ ಬಡಿಸುವವನು ಎದುರಿನ ಖಾಲಿ ಕುರ್ಚಿಗೂ ಎಲೆ ಹಾಕಿ, ಆಮೇಲೆ ನನ್ನ ಮುಖ ನೋಡಿ ತೆಗೆದ. ಕೆರೆಯ ದಂಡೆಗೆ ಹೋಗಲಿಲ್ಲ. ಸಂಜೆಯ ಗಾಡಿಗೆ ತಿರುಗಿ ಬಂದೆ.

"ಮಗಳು ಚಲೋ ಅದಾಳೇನ್ರಿ?" ಎಂದು ಗೌರಮ್ಮನವರು ಬಾಗಿಲಲ್ಲೇ ಕೇಳಿದರು.

"ಅದಾಳ್ರಿ" ಎಂದೆ. ಮೇಲೆ ಹೋಗಲು ಮನಸ್ಸಾಗಲಿಲ್ಲ. ಮೆಟ್ಟಿಲ ಮೇಲೆ ಕೂತೆ. ಏನಾದರೂ ಮಾತಾಡಬೇಕಿತ್ತು, ಆಮೆಯ ಕಥೆಯನ್ನೇ ಅವರಿಗೂ ಹೇಳಿದೆ. ಅವರು ರೊಟ್ಟಿ ಬಡಿಯುತ್ತಾ ಪೂರ್ತಿ ಕೇಳಿದರು. ಕೊನೆಗೆ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ಹೇಳಿದರು:

"ಬರೇ ನೆನಸಿದ್ರ ಮಕ್ಕಳು ದೊಡ್ಡವರಾಗಂಗಿದ್ರ, ನಾ ಯಾಕ್ರೀ ಇಷ್ಟ ವರ್ಷ ರೊಟ್ಟಿ ಬಡೀತಿದ್ದೆ?"

ನಕ್ಕೆ. ಅವರೂ ನಕ್ಕರು. ಮೇಲೆ ಹೋಗಿ ತಟ್ಟೆ ಮುಂದಿಟ್ಟುಕೊಂಡಾಗ ನಗು ಇರಲಿಲ್ಲ.

ಪಲ್ಲವಿ ಹತ್ತನೆಯ ಇಯತ್ತೆಯಲ್ಲಿದ್ದಾಗ ದಸರೆಯ ರಜೆಯಲ್ಲಿ ಅವಳನ್ನು ರಾಣೆಬೆನ್ನೂರಿಗೆ ಕರೆದುಕೊಂಡು ಹೋದೆ. ಕೃಷ್ಣಮೃಗಗಳ ಅಡವಿ ತೋರಿಸುತ್ತೇನೆಂದು ಅವಳಿಗೆ ಬಹಳ ಹಿಂದೆಯೇ ಮಾತು ಕೊಟ್ಟಿದ್ದೆ. ಅಡವಿ ಎಂದರೆ ದಟ್ಟ ಕಾಡಲ್ಲ. ಹುಲ್ಲು, ಕುರುಚಲು, ನೀಲಗಿರಿ ಗಿಡಗಳ ಸಾಲು, ಅದರಾಚೆ ಬಯಲು. ಬಿಸಿಲಲ್ಲಿ ಬಹಳ ಹೊತ್ತು ನಡೆದೆವು. ಒಂದು ನವಿಲು ಕೂಗಿದ್ದು ಬಿಟ್ಟರೆ ಏನೂ ಇಲ್ಲ. ಅವಳಿಗೆ ಬೇಸರವಾದೀತೆಂದು ನನಗೆ ದಿಗಿಲು. ಅಷ್ಟರಲ್ಲಿ ಅವಳೇ ನನ್ನ ತೋಳು ಹಿಡಿದು ನಿಲ್ಲಿಸಿದಳು. ತುಸುವೇ ದೂರದ ಹುಲ್ಲಿನಲ್ಲಿ ಒಂದು ಹಿಂಡು. ಹೆಣ್ಣುಗಳು ಕಂದು, ನಡುವೆ ಒಂದು ಗಂಡು, ಮೇಲೆಲ್ಲ ಕಪ್ಪು, ಹೊಟ್ಟೆ ಬಿಳಿ, ತಿರುಪು ತಿರುಪಾದ ಕೋಡು. ತಲೆಯೆತ್ತಿ ನಮ್ಮ ಕಡೆಯೇ ನೋಡುತ್ತಿತ್ತು.

ನನ್ನ ಬಾಯಿ ಸುಮ್ಮನಿರಬೇಕಲ್ಲ. "ನೋಡವ್ವಾ, ಹಳೇ ಕಾವ್ಯದಾಗ ಜಿಂಕಿ ಅಂದ್ರ ಮನಸ್ಸು. ಬಿಸಲಗುದುರಿನ್ನ ನೀರಂತ ತಿಳದು ಅದರ ಬೆನ್ನ ಹತ್ತಿ..."

"ಅಪ್ಪಾ" ಎಂದಳು ಮೆಲ್ಲಗೆ, ಕಣ್ಣು ಅತ್ತಲೇ ಇಟ್ಟು. "ಅದು ಜಿಂಕಿ. ಸುಮ್ಮ ನೋಡೋಣಲ್ಲ?"

ಸುಮ್ಮನೆ ನೋಡಿದೆವು. ಗಂಡು ಕಿವಿ ಅಲ್ಲಾಡಿಸಿತು. ಮೂಗಿನ ಮೇಲೆ ಕೂತ ನೊಣವನ್ನು ಮುಂಗಾಲಿನಿಂದ ಒರೆಸಿಕೊಂಡಿತು. ಒಂದು ಮರಿ ತಾಯಿಯ ಹೊಟ್ಟೆಯ ಕೆಳಗೆ ತಲೆ ತೂರಿಸಿ ಹಾಲು ಕುಡಿಯಲು ನೋಡಿತು, ತಾಯಿ ಮುಂದೆ ಸರಿಯಿತು, ಮರಿ ಮತ್ತೆ ತೂರಿಸಿತು. ಎಲ್ಲಿಂದಲೋ ಮೋಟರ್ ಸೈಕಲ್ಲಿನ ಸದ್ದು ಬಂತು. ಹಿಂಡು ಒಮ್ಮೆಗೇ ನೆಗೆಯಿತು. ನೆಲಕ್ಕೆ ತಾಗುತ್ತಿವೆಯೋ ಇಲ್ಲವೋ ಎನ್ನುವ ಹಾಗೆ ಹಾರಿ ಹಾರಿ ಹೋದವು. ಧೂಳು ಕೂಡ ಏಳಲಿಲ್ಲ. ನಾನು ಎಷ್ಟೋ ವರ್ಷ ಜಿಂಕೆಯ ಪಾಠ ಮಾಡಿದ್ದೆ. ನೊಣ ಒರೆಸಿಕೊಳ್ಳುವ ಜಿಂಕೆಯನ್ನು ಕಂಡಿರಲಿಲ್ಲ.

ತಿರುಗಿ ಬರುವಾಗ ಬಸ್ಸಿಗೆ ಕಾಯುತ್ತಾ ಬೇವಿನ ಮರದ ಕೆಳಗೆ ನಿಂತಿದ್ದೆವು. ಪಲ್ಲವಿ ಚಪ್ಪಲಿಗೆ ಹತ್ತಿದ ಹುಲ್ಲಿನ ಮುಳ್ಳು ಕೀಳುತ್ತಿದ್ದಳು. ತಲೆ ಎತ್ತದೆ ಹೇಳಿದಳು:

"ನಾ ಸಣ್ಣಾಕಿದ್ದಾಗ ನೀ ಒಂದು ಆಮಿ ಕಥಿ ಹೇಳಿದ್ದಿ, ನೆನಪೈತೇನಪ್ಪಾ?"

"ಐತಿ."

"ನಂಗ ಆ ಆಮಿ ಮ್ಯಾಲ ಭಾಳ ಸಿಟ್ಟಿತ್ತು."

"ಯಾಕವ್ವಾ?"

"ಅದಕ್ಕ ಕಾಲದಾವ. ಈಸಾಕ ಬರತೈತಿ. ದಂಡಿಗೆ ಬಂದು ಮರಿನ್ನ ನೋಡಾಕ ಏನಾಗಿತ್ತು ಅದಕ್ಕ? ನಡುನೀರಾಗ ಕುಂತು ನೆನಸತಿತ್ತಂತ, ನೆನಸತಿತ್ತು."

"ಅದು ಖರೇ ಆಮಿ ಅಲ್ಲವ್ವಾ, ಗುರುವಿನ..." ಎಂದು ಬಾಯಿ ತೆರೆದೆ. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಇವನು ಈಗಲೂ ಇದನ್ನೇ ಹೇಳುತ್ತಾನೋ ಎಂದು ಕಾಯುತ್ತಿದ್ದಳು. ನಾನು ಹೇಳಲಿಲ್ಲ. ಬಸ್ಸು ಬಂತು. ಮೋಟೆಬೆನ್ನೂರು ದಾಟುವ ಹೊತ್ತಿಗೆ ಅವಳಿಗೆ ನಿದ್ದೆ ಹತ್ತಿ ತಲೆ ನನ್ನ ಭುಜದ ಮೇಲೆ ಬಿತ್ತು. ಹಾವೇರಿ ಬರುವ ತನಕ ನಾನು ಭುಜ ಅಲುಗಿಸಲಿಲ್ಲ.

ಆ ದೀಪಾವಳಿ ಮುಗಿಯುವ ಮೊದಲೇ ಬ್ಯಾಡಗಿಯ ಕೋಣೆ ಬಿಟ್ಟೆ. ಗೌರಮ್ಮನವರು ಕಾರಣ ಕೇಳಲಿಲ್ಲ. ಖಡಕ್ ರೊಟ್ಟಿಯ ಒಂದು ದೊಡ್ಡ ಗಂಟು ಕೈಗೆ ಕೊಟ್ಟು, "ಲಗೂನ ಹೋಗ್ರಿ ಮಾಸ್ತರ. ಹೆಣ್ಮಕ್ಕಳು ಭಾಳ ಲಗೂ ದೊಡ್ಡವರಾಗ್ತಾರ" ಎಂದರು. ಹಾವೇರಿಯಲ್ಲಿ ವಿಜಯಾಳ ಮನೆಯಿಂದ ಎರಡು ಓಣಿ ದೂರದಲ್ಲಿ ನನಗೆ ಮತ್ತೊಂದು ಮಹಡಿಯ ಕೋಣೆ ಸಿಕ್ಕಿತು. ತಿಳಿಸಬೇಕಲ್ಲ ಎಂದು ಅವಳ ಬಾಗಿಲಿಗೆ ಹೋದೆ. ಅಷ್ಟು ವರ್ಷ ಮಗಳನ್ನು ಬಿಟ್ಟು ತಿರುಗುತ್ತಿದ್ದದ್ದು ಗೇಟಿನಿಂದ. ಬಾಗಿಲ ತನಕ ಹೋದದ್ದು ಅದೇ ಮೊದಲು.

"ಇಲ್ಲೇ ಎರಡು ಓಣಿ ಆಚೆಗೆ ಮನಿ ಹಿಡದೇನ್ರಿ" ಎಂದೆ.

ವಿಜಯಾ ಸೆರಗಿಗೆ ಕೈ ಒರೆಸಿಕೊಂಡಳು. "ಯಾಕ್ರಿ?"

ದಾರಿಯುದ್ದಕ್ಕೂ ಏನೇನೋ ಜೋಡಿಸಿಕೊಂಡು ಬಂದಿದ್ದೆ. ಎಲ್ಲ ಮರೆತುಹೋಯಿತು. "ಪಲ್ಲವಿಗೆ ಹತ್ರ ಆಗತೈತಂತ" ಎಂದಷ್ಟೇ ಹೇಳಿದೆ.

"ನಿಮಗ ಕಾಲೇಜು ದೂರ ಆಗತೈತಲ್ಲ."

"ಆಗತೈತ್ರಿ."

"ಆ ಓಣ್ಯಾಗ ನೀರು ಮುಂಜಾನಿ ಅಷ್ಟ ಬರತೈತಿ. ತುಂಬಿಟ್ಟಕೋರಿ" ಎಂದಳು. ನಾನು ಹೂಂ ಎಂದು ತಿರುಗಿ ಬಂದೆ.

ಇನ್ನು ಎಲ್ಲ ಸರಿಹೋಯಿತು ಎಂದು ನೀವು ತಿಳಿದುಕೊಂಡಿದ್ದರೆ, ನಾನೂ ಹಾಗೆಯೇ ತಿಳಿದುಕೊಂಡಿದ್ದೆ. ಕೋಣೆಯಲ್ಲಿ ಎರಡನೆಯ ಕುರ್ಚಿ ತಂದಿಟ್ಟೆ. ಅವಳಿಗೆಂದು ಒಂದು ಲೋಟ ಬೇರೆ ಇಟ್ಟೆ. ಪಲ್ಲವಿ ಮೊದಲ ದಿನ ಬಂದು ನೋಡಿ, "ಚಲೋ ಐತಪ್ಪಾ, ಗಾಳಿ ಬರತೈತಿ" ಎಂದು ಹೋದಳು. ಆಮೇಲೆ ಬರಲಿಲ್ಲ. ಬರಬಾರದೆಂದಲ್ಲ. ಹತ್ತನೆಯ ಇಯತ್ತೆ, ಬೆಳಿಗ್ಗೆ ಟ್ಯೂಷನ್, ಸಂಜೆ ಟ್ಯೂಷನ್, ನಡುವೆ ಶಾಲೆ, ಎಲ್ಲ ಕಡೆ ಗೆಳತಿಯರು. ಅಪ್ಪ ಈಗ ಎರಡು ಓಣಿ ದೂರದಲ್ಲಿದ್ದಾನೆ, ಯಾವಾಗ ಬೇಕಾದರೂ ನೋಡಬಹುದು. ಆದ್ದರಿಂದ ಇವತ್ತೇ ನೋಡಬೇಕೆಂದಿಲ್ಲ. ರವಿವಾರವೂ ಹೋಯಿತು. ನಾನು ಊರಿಗೇ ಬಂದ ಮೇಲೆ ರವಿವಾರಕ್ಕೆಂದು ಬೇರೆ ಲೆಕ್ಕ ಯಾಕೆ?

ಬ್ಯಾಡಗಿಯಲ್ಲಿದ್ದಾಗ ಒಂದು ಆಸರೆ ಇತ್ತು. ಹತ್ತಿರವಿದ್ದಿದ್ದರೆ ಮಗಳು ದಿನವೂ ಬರುತ್ತಿದ್ದಳು ಎಂದು ಅಂದುಕೊಂಡು ಮಲಗಬಹುದಿತ್ತು. ಇಲ್ಲಿ ಅದೂ ಉಳಿಯಲಿಲ್ಲ. ಕಾಲೇಜಿನಿಂದ ಬಂದು ಕಿಟಕಿಯ ಹತ್ತಿರ ಕೂತರೆ ಕೆಳಗೆ ಅವಳ ಸೈಕಲ್ಲು ಹಾಯುತ್ತಿತ್ತು. ಗೆಳತಿಯರ ಜೊತೆ ನಗುತ್ತಾ ಹೋಗುತ್ತಿದ್ದವಳು ಕಿಟಕಿಯ ಕಡೆ ಕೈ ಎತ್ತುತ್ತಿದ್ದಳು. ಒಮ್ಮೊಮ್ಮೆ ಮರೆತೂ ಹೋಗುತ್ತಿದ್ದಳು. ಓಣಿಯ ಗಿರಣಿ, ಓಣಿಯ ಬಾವಿ, ಓಣಿಯ ಅಪ್ಪ ಎನ್ನುವ ಹಾಗೆ ನಾನೂ ಅಲ್ಲಿನ ಒಂದು ಖಾಯಂ ವಸ್ತುವಾದೆ. ಗೆಳತಿಯೊಬ್ಬಳು, "ಅವರು ಯಾರ?" ಎಂದು ಕೇಳಿದ್ದೂ, ಪಲ್ಲವಿ "ನಮ್ಮಪ್ಪ" ಎಂದದ್ದೂ ಒಂದು ದಿನ ಮೇಲಿನ ತನಕ ಕೇಳಿಸಿತು. ಎರಡನೆಯ ಕುರ್ಚಿಯ ಮೇಲೆ ಒಗೆದ ಬಟ್ಟೆ ಸೇರತೊಡಗಿದವು.

ಹೀಗೇ ಚಳಿಗಾಲ ಹೋಗಿ ಬೇಸಿಗೆ ಶುರುವಾಯಿತು. ಒಂದು ಬುಧವಾರ ಕಾಲೇಜಿಗೆ ರಜೆ ಇತ್ತು. ಮಧ್ಯಾಹ್ನ ಊಟ ಮಾಡಿ, ಮಾಡುವುದಕ್ಕೇನೂ ಇಲ್ಲದೆ ಬಟ್ಟೆ ಮಡಚುತ್ತಾ ಕೂತಿದ್ದೆ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಪಲ್ಲವಿ ಬಾಗಿಲು ತಳ್ಳಿ ಒಳಗೆ ಬಂದಳು. ಶಾಲೆಯ ಬಟ್ಟೆಯಲ್ಲೇ ಇದ್ದಳು. ಮುಖ ಬಾಡಿತ್ತು.

"ಏನಾತವ್ವಾ?"

"ತಲಿ ನೋಯಾಕತ್ತೈತಿ. ಮನ್ಯಾಗ ಮಂದಿ ಬಂದಾರ, ಗದ್ಲ ಐತಿ" ಎಂದಳು. ಚೀಲವನ್ನು ಮೂಲೆಗೆ ಎಸೆದಳು. ಚಪ್ಪಲಿ ಒಂದು ಬಾಗಿಲಲ್ಲಿ, ಇನ್ನೊಂದು ಮಂಚದ ಕೆಳಗೆ. ನನ್ನ ಮಂಚದ ಮೇಲೆ ಅಡ್ಡಾಗಿ, ನನ್ನ ದಿಂಬನ್ನು ಮುಖಕ್ಕೆ ಒತ್ತಿಕೊಂಡು ಮಲಗಿಬಿಟ್ಟಳು. ಇಲ್ಲಿ ಮಲಗಲೇ ಎಂದು ಕೇಳಲಿಲ್ಲ. ಅದೇ ನನಗೆ ದೊಡ್ಡದಾಗಿ ಕಂಡಿತು. ಅಷ್ಟು ವರ್ಷ ಅವಳು ನನ್ನ ಜೊತೆ ಅತಿಥಿಯ ಹಾಗೆ ಕೂತು, ಅತಿಥಿಯ ಹಾಗೆ ಎದ್ದು ಹೋಗಿದ್ದಳು.

ಹಣೆ ಮುಟ್ಟಿ ನೋಡಿದೆ, ಜ್ವರವಿರಲಿಲ್ಲ. ಕಿಟಕಿಗೆ ಒಂದು ಪಂಚೆ ಕಟ್ಟಿ ಬಿಸಿಲು ಮರೆ ಮಾಡಿದೆ. ನನ್ನ ಉಸಿರಿನ ಸದ್ದಿಗೂ ಎದ್ದಾಳೇನೋ ಎನ್ನಿಸಿ, ಕುರ್ಚಿಯನ್ನು ಎತ್ತಿಕೊಂಡು ಹೊರಗೆ ಮೆಟ್ಟಿಲ ತುದಿಯಲ್ಲಿ ಕೂತೆ. ಓಣಿಯಲ್ಲಿ ಹಣ್ಣಿನ ಗಾಡಿಯವನು ಕೂಗುತ್ತಾ ಬಂದ. ಎದ್ದು ನಿಂತು ಎರಡೂ ಕೈಯಲ್ಲಿ ಸುಮ್ಮನಿರು ಎಂದು ಸನ್ನೆ ಮಾಡಿದೆ. ಅವನು ಗಾಬರಿಯಾಗಿ ಸುಮ್ಮನೆ ಹೋದ.

ಹೊತ್ತು ಇಳಿಯುವಾಗ ವಿಜಯಾ ಬಂದಳು. ಮಗಳನ್ನು ಹುಡುಕುತ್ತಾ ಬಂದಿದ್ದಳೆಂದು ಉಸಿರಿನಲ್ಲೇ ತಿಳಿಯಿತು. ಕೆಳಗಿನ ಮೆಟ್ಟಿಲಲ್ಲೇ ನಿಂತು, "ಇಲ್ಲಿಗೆ ಬಂದಾಳೇನ್ರಿ?" ಎಂದಳು.

"ಮಲಗ್ಯಾಳ್ರಿ. ತಲಿನೋವಂತ."

ಅವಳು ಮೇಲೆ ಬಂದು ಬಾಗಿಲ ಸಂದಿನಿಂದ ನೋಡಿದಳು. ಆ ಕೋಣೆಯನ್ನು ಅವಳು ನೋಡಿದ್ದು ಅದೇ ಮೊದಲು. ಮಗಳನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ.

"ಎಬ್ಬಸ್ಲೇನ್ರಿ?" ಎಂದು ಪಿಸುದನಿಯಲ್ಲಿ ಕೇಳಿದೆ.

"ಬ್ಯಾಡ, ಮಲಗ್ಲಿ ಬಿಡ್ರಿ. ಮನ್ಯಾಗ ಮಂದಿ ಇನ್ನೂ ಅದಾರ." ಎರಡು ಮೆಟ್ಟಿಲು ಇಳಿದವಳು ನಿಂತು ತಿರುಗಿದಳು. "ಮುಂಜಾನಿಂದ ಏನೂ ತಿಂದಿಲ್ಲ ಅಕಿ. ಎದ್ದಮ್ಯಾಲ ಏನರ ತಿನಸ್ರಿ."

ಇಳಿದು ಹೋದಳು. ನಾನು ಒಳಗೆ ಬಂದು ಮೆಲ್ಲಗೆ ಒಲೆ ಹಚ್ಚಿದೆ. ಅವಲಕ್ಕಿ ಇತ್ತು, ತೊಳೆದು ಬಸಿದಿಟ್ಟೆ. ಒಗ್ಗರಣೆ ಹಾಕಿ, ಅರಿಸಿನ ಹಾಕಿ, ಸಕ್ಕರೆಯ ಡಬ್ಬಿ ಕೈಗೆತ್ತಿಕೊಂಡವನು ಹಾಗೇ ನಿಂತೆ. ನಮ್ಮ ಮನೆಯಲ್ಲಿ ಒಗ್ಗರಣೆ ಅವಲಕ್ಕಿಗೆ ಚೂರು ಸಕ್ಕರೆ ಹಾಕುವ ಪದ್ಧತಿ. ವಿಜಯಾಳ ತವರಿನಲ್ಲಿ ಅದನ್ನು ಕಂಡರೆ ಆಗುತ್ತಿರಲಿಲ್ಲ. ಮಗಳು ಯಾವ ಕಡೆಯವಳು ಎಂದು ನನಗೆ ಗೊತ್ತಿರಲಿಲ್ಲ. ಖಾನಾವಳಿಯಲ್ಲಿ ಬಡಿಸಿದ್ದನ್ನು ಅವಳು ತಿಂದು ಎದ್ದದ್ದನ್ನಷ್ಟೇ ನಾನು ನೋಡಿದ್ದೆ. ಕೈಯಾರೆ ಮಾಡಿ ಹಾಕಿರಲಿಲ್ಲ.

ಡಬ್ಬಿ ಹಿಡಿದುಕೊಂಡೇ ಮಂಚದ ಹತ್ತಿರ ಹೋಗಿ ಬಗ್ಗಿ, "ಪಲ್ಲೂ, ಅವಲಕ್ಕಿಗೆ ಸಕ್ರಿ ಹಾಕಲೇನು?" ಎಂದೆ.

ಅವಳು ಕಣ್ಣು ತೆರೆಯಲಿಲ್ಲ. "ಹಾಕಪ್ಪಾ" ಎಂದಳು. ಗೋಡೆಯ ಕಡೆ ಹೊರಳಿ, "ಭಾಳ ಬ್ಯಾಡ" ಎಂದು ಸೇರಿಸಿದಳು.

ಎಷ್ಟು ಹಾಕಿದರೆ ಭಾಳ ಆಗುತ್ತದೆ ಎಂದು ಕೇಳಬೇಕೆನ್ನುವಷ್ಟರಲ್ಲಿ ಅವಳಿಗೆ ಮತ್ತೆ ನಿದ್ದೆ ಹತ್ತಿತ್ತು. ಒಲೆಯ ಹತ್ತಿರ ಬಂದು ಎರಡು ಬೆರಳಲ್ಲಿ ಚೂರು ತೆಗೆದು ಉದುರಿಸಿದೆ. ಕಲಸಿ ಬಾಯಿಗೆ ಹಾಕಿ ನೋಡಿದೆ. ಇನ್ನೊಂದು ಚೂರು ಉದುರಿಸಿದೆ.